ಮಗಳಿಗೊಂದು ಪತ್ರ: ನಿನ್ನ ಮೊದಲ ಬಿಳಿ ಕೂದಲು

ಪುಟ್ಟಿ,

ಭಾನುವಾರ ಫೋನಿನಲ್ಲಿ ಅಷ್ಟು ಬೇಜಾರಾಗಿ ಮಾತಾಡಿದೆಯಲ್ಲ, ಅದು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. 34ಕ್ಕೇ ಬಿಳಿ ಕೂದಲು ಬಂತು ಅಂದೆ. ಬೈತಲೆ ಹತ್ತಿರ ನಾಲ್ಕು ಇದೆ, ಕಿತ್ತರೂ ಮತ್ತೆ ಬರುತ್ತೆ ಅಂದೆ. "ನ್ಯಾಚುರಲ್ ಆಗಿ ಏನಾದರೂ ಇದ್ದರೆ ಹೇಳಮ್ಮ" ಅಂತ ಕೇಳಿದೆ. ಆಗ ನಾನು ಒಲೆ ಮೇಲೆ ಎಸರಿಟ್ಟಿದ್ದೆ, ನಿಮ್ಮಪ್ಪ ಊಟಕ್ಕೆ ಕಾಯ್ತಾ ಇದ್ದರು, ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡಬೇಡ. ನಿನಗೆ ಹೇಳದೇ ಉಳಿಸಿಕೊಂಡಿದ್ದ ಒಂದು ವಿಷಯವೂ ಇದರಲ್ಲಿದೆ.

ಮೊದಲು ಕೂದಲಿನ ಮಾತು ಮುಗಿಸಿಬಿಡೋಣ. ಕೂದಲಿನ ಬುಡದಲ್ಲಿ ಬಣ್ಣ ಮಾಡುವ ಜೀವಕೋಶಗಳು ಇರುತ್ತವೆ. ಅವು ಕೆಲಸ ನಿಲ್ಲಿಸಿದರೆ ಕೂದಲು ಬಿಳಿ ಬರುತ್ತೆ. ಯಾವ ವಯಸ್ಸಿಗೆ ನಿಲ್ಲಿಸುತ್ತವೆ ಅನ್ನೋದು ಜಾಸ್ತಿ ಪಾಲು ವಂಶದಿಂದ ಬಂದದ್ದು. ನಮ್ಮ ಮದುವೆ ಫೋಟೋ ತೆಗೆದು ನೋಡು, ನಿಮ್ಮಪ್ಪನ ಕಿವಿ ಪಕ್ಕದಲ್ಲಿ ಆಗಲೇ ಬೆಳ್ಳಗೆ ಕಾಣುತ್ತೆ. ದಾಸವಾಳದ ಎಲೆ, ಗರಗದ ಸೊಪ್ಪು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಕಳಿಸುತ್ತೇನೆ, ಹಚ್ಚಿಕೋ. ಕೂದಲು ಒರಟಾಗಲ್ಲ, ಸಿಕ್ಕು ಕಮ್ಮಿ, ಹಚ್ಚುವಾಗ ತಲೆಗೂ ಹಾಯಾಗಿರುತ್ತೆ. ಬಿಳಿಯಾದದ್ದು ಕಪ್ಪಾಗುತ್ತೆ ಅಂತ ಮಾತ್ರ ನಾನು ಹೇಳಲ್ಲ. ಅದರ ಬದಲು ಒಂದು ಸಲ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸು. ಅವೆರಡು ಏರುಪೇರಾದರೂ ಕೂದಲು ಬೇಗ ಬೆಳ್ಳಗಾಗಬಹುದು. ನೀನು ಎರಡು ವರ್ಷದಿಂದ ಹಾಲು, ಮೊಸರು, ಮೊಟ್ಟೆ ಎಲ್ಲಾ ಬಿಟ್ಟಿದ್ದೀಯ. ಸೊಪ್ಪು ಕಾಳಿನಲ್ಲಿ ಬಹಳಷ್ಟು ಇದೆ, ಬಿ12 ಮಾತ್ರ ಇಲ್ಲ. ನಿನ್ನ ಊಟದ ವಿಚಾರ ನಿನ್ನದು, ನಾನು ಅಡ್ಡ ಬರಲ್ಲ. ಆದರೆ ಆ ಕೊರತೆ ತುಂಬಿಸಿಕೊಳ್ಳಲೇಬೇಕು.

ಇನ್ನು ಬಣ್ಣ ಹಚ್ಚೋ ವಿಚಾರ. ನಿನ್ನ ಚಿಕ್ಕಪ್ಪನ ಮಗಳ ಮದುವೆಯಲ್ಲಿ ನನ್ನ ಕಣ್ಣು ಊದಿಕೊಂಡಿತ್ತಲ್ಲ, ಧೂಳಿನ ಅಲರ್ಜಿ ಅಂತ ಹೇಳಿದ್ದೆ. ಧೂಳಲ್ಲ ಅದು. ಹಿಂದಿನ ದಿನ ಒಂದು ಕಪ್ಪು ಮೆಹಂದಿ ಪ್ಯಾಕೆಟ್ ತಂದು ಹಚ್ಚಿಕೊಂಡಿದ್ದೆ. ಮೇಲೆ ಎಲೆ ಚಿತ್ರ, 'ಹರ್ಬಲ್' ಅಂತ ದಪ್ಪಕ್ಷರ. ರಾತ್ರಿಗೇ ಹಣೆ ಕಡಿಯೋಕೆ ಶುರುವಾಯ್ತು, ಬೆಳಿಗ್ಗೆ ಎದ್ದರೆ ಎರಡೂ ರೆಪ್ಪೆ ತೆರೆಯೋಕಾಗ್ತಿಲ್ಲ. ಚರ್ಮದ ಡಾಕ್ಟರು ಪ್ಯಾಕೆಟ್ ತರಿಸಿ, ಹಿಂದೆ ಸಾಸಿವೆ ಕಾಳಿನಷ್ಟು ಚಿಕ್ಕ ಅಕ್ಷರ ತೋರಿಸಿದರು. ಪಿಪಿಡಿ ಅನ್ನೋ ರಾಸಾಯನಿಕ. ಬರೀ ಮದರಂಗಿ ಸೊಪ್ಪು ಅರೆದು ಹಚ್ಚಿದರೆ ಕೂದಲು ಕೆಂಪಗಾಗುತ್ತೆ ಅಷ್ಟೇ ಅಮ್ಮ, ಅರ್ಧ ಗಂಟೆಯಲ್ಲಿ ಕಪ್ಪಾಯ್ತು ಅಂದರೆ ಅದರಲ್ಲಿ ಬೇರೆ ಏನೋ ಇದೆ ಅಂತಲೇ ಅರ್ಥ ಅಂದರು. ಅವತ್ತಿಗೆ ಬಣ್ಣ ಬಿಟ್ಟೆ.

ಈಗ ಹೇಳದೇ ಉಳಿಸಿದ್ದ ವಿಷಯ. ಎರಡು ವರ್ಷದ ಹಿಂದೆ, ಯುಗಾದಿ ಆದ ಮೇಲೆ, ನಾನು ಬಿಪಿ ಮಾತ್ರೆ ಬಿಟ್ಟಿದ್ದೆ. ಒಂದು ಗೃಹಪ್ರವೇಶದಲ್ಲಿ ಸಿಕ್ಕಿದ ಒಬ್ಬರು, ಇಂಗ್ಲಿಷ್ ಔಷಧಿ ತಗೊಂಡೂ ತಗೊಂಡೂ ಕಿಡ್ನಿ ಹೋಗುತ್ತೆ, ಈ ಕಷಾಯದ ಪುಡಿ ಕುಡಿಯಿರಿ, ನಲವತ್ತು ದಿನದಲ್ಲಿ ಮಾತ್ರೆ ಬೇಕಾಗಲ್ಲ ಅಂದರು. ನಾನು ನಂಬಿದೆ. ಯಾಕೆ ನಂಬಿದೆ ಅಂದರೆ, ದಿನಾ ಬೆಳಿಗ್ಗೆ ಆ ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ನನಗೆ ವಯಸ್ಸಾಯ್ತು ಅನ್ನಿಸುತ್ತಿತ್ತು. ಮಾತ್ರೆ ಬಿಟ್ಟರೆ ವಯಸ್ಸೇ ಕಮ್ಮಿಯಾದ ಹಾಗೆ. ಮೂರು ವಾರ ಏನೂ ಆಗಲಿಲ್ಲ, ಚೆನ್ನಾಗೇ ಇದ್ದೆ. ಬಿಪಿ ಅನ್ನೋದೇ ಹಾಗೆ, ಏರಿದ್ದು ಗೊತ್ತಾಗಲ್ಲ. ಒಂದು ದಿನ ಬೆಳಿಗ್ಗೆ ಒಗೆಯೋ ಕಲ್ಲಿನ ಹತ್ತಿರ ಬಕೆಟ್ ಎತ್ತೋಕೆ ಬಗ್ಗಿದೆ, ಕಣ್ಣು ಕತ್ತಲೆ ಬಂತು, ಹಾಗೇ ಗೋಡೆಗೆ ಒರಗಿ ಕೂತೆ. ಪಕ್ಕದ ಮನೆಯವರು ಆಟೋದಲ್ಲಿ ಕರೆದುಕೊಂಡು ಹೋದರು. 190 ಇತ್ತು, ಕೆಳಗಿನದು 110. ಡಾಕ್ಟರು ಬೈಯಲಿಲ್ಲ. "ಇನ್ನೊಂದು ವಾರ ಬಿಟ್ಟಿದ್ದರೆ ಲಕ್ವ ಹೊಡೆಯುತ್ತಿತ್ತೇನೋ" ಅಂತ ಮೆಲ್ಲಗೆ ಅಂದರು. ಕಿಡ್ನಿ ಹಾಳಾಗೋದು ಬಿಪಿ ಹತೋಟಿ ತಪ್ಪಿದರೆ ಅಂತ ಅವತ್ತು ಗೊತ್ತಾಯ್ತು. ನಿನಗೆ ಆಗ ಹೊಸ ಕೆಲಸ, ಗಾಬರಿ ಆಗೋದು ಬೇಡ ಅಂತ ನಿಮ್ಮಪ್ಪನಿಂದ ಮಾತು ತಗೊಂಡಿದ್ದೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡ.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ನೀನೂ ಅದೇ ಪದ ಹಿಡಿದು ಕೇಳಿದೆ, 'ನ್ಯಾಚುರಲ್' ಅಂತ. ಗಿಡದಿಂದ ಬಂದದ್ದೆಲ್ಲ ಮೆತ್ತಗಿರುತ್ತೆ ಅಂತೇನಿಲ್ಲ ಪುಟ್ಟಿ. ಕೊರೊನಾ ಕಾಲದಲ್ಲಿ ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಅಮೃತಬಳ್ಳಿ ಕಷಾಯವೇ. 2021ರಲ್ಲಿ ಮುಂಬೈನ ವೈದ್ಯರು, ಅದನ್ನು ದಿನಾ ಕುಡಿದ ಕೆಲವರಿಗೆ ಲಿವರ್ ಕೆಟ್ಟಿದೆ ಅಂತ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಯಾರು ಸರಿ ಅಂತ ತೀರ್ಪು ಹೇಳೋಕೆ ನಾನು ಯಾರು. ಆದರೆ ಶೀತ ಆದಾಗ ಎರಡು ದಿನ ಕುಡಿಯೋದು ಬೇರೆ, ತಿಂಗಳುಗಟ್ಟಲೆ ಲೋಟ ಲೋಟ ಕುಡಿಯೋದು ಬೇರೆ ಅಲ್ವಾ. ನಾನು ಈಗಲೂ ಜೀರಿಗೆ-ಕೊತ್ತಂಬರಿ ಕಷಾಯ ಮಾಡಿಕೊಳ್ಳುತ್ತೇನೆ. ಮಾತ್ರೆಯನ್ನೂ ನುಂಗುತ್ತೇನೆ.

ಮಾತ್ರೆ ಜೊತೆಗೆ ನಿಜವಾಗಿ ಕೆಲಸ ಮಾಡಿದ್ದು ಯಾವುದು ಗೊತ್ತಾ? ಉಪ್ಪು. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಒಂದು ಚಿಕ್ಕ ಚಮಚ ಅಷ್ಟೇ. ಅಳೆದು ನೋಡೋ ಗೋಜಿಗೆ ನಾನು ಹೋಗಲಿಲ್ಲ, ಪ್ಯಾಕೆಟ್ ಮೇಲೆ ತಾರೀಕು ಬರೆದೆ. ಇಬ್ಬರೇ ಇರೋ ಮನೆ, ಒಂದು ಕೆಜಿ ಉಪ್ಪು ನೂರು ದಿನ ಬರಬೇಕು. ನಮ್ಮದು ಒಂದು ತಿಂಗಳಿಗೆ ಖಾಲಿ! ಉಪ್ಪಿನಕಾಯಿ ಹಾಕಿದ ತಿಂಗಳೂ ಅಲ್ಲ. ಈಗ ಎರಡೂವರೆ ತಿಂಗಳು ಬರುತ್ತಿದೆ. ನಿಮ್ಮಪ್ಪ ಮೊದಮೊದಲು ಸಪ್ಪೆ ಸಪ್ಪೆ ಅಂತ ಗೊಣಗಿದರು. ನಿಂಬೆಹಣ್ಣು ಜಾಸ್ತಿ ಹಿಂಡೋಕೆ ಶುರುಮಾಡಿದೆ, ಸುಮ್ಮನಾದರು. ನೀನೂ ನಿನ್ನ ಮನೆಯ ಪ್ಯಾಕೆಟ್ ಮೇಲೆ ತಾರೀಕು ಬರಿ. ಆಮೇಲೆ ಹೊರಗೆ ತರಿಸಿಕೊಂಡು ತಿನ್ನೋದನ್ನು ಲೆಕ್ಕಕ್ಕೆ ಸೇರಿಸು.

ಊಟದ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನನಗೆ ನಿಜವಾಗಿ ಗೊತ್ತಿರೋದು ಇದೊಂದೇ. ನಿನ್ನ ಅಜ್ಜಿ ನೆನಪಿದ್ದಾಳಾ? ಮುಂಗಾರು ಬಿದ್ದು ಹತ್ತು ಹದಿನೈದು ದಿನಕ್ಕೆ ಸೆರಗನ್ನು ಮಡಿಲು ಮಾಡಿಕೊಂಡು ರಾಗಿ ಹೊಲದ ಬದುವಿಗೆ ಹೊರಡುತ್ತಿದ್ದಳು. ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆ, ಎಲ್ಲಾ ಸೇರಿಸಿ ಬೆರಕೆ ಸೊಪ್ಪು. ಚಿಗುರನ್ನಷ್ಟೇ ಉಗುರಲ್ಲಿ ಚಿವುಟುತ್ತಿದ್ದಳು, ಬೇರು ಕೀಳುತ್ತಿರಲಿಲ್ಲ, ಮುಂದಿನ ವಾರಕ್ಕೆ ಬೇಕಲ್ಲ. ಮನೆಗೆ ಬಂದು ಮೂರು ನೀರಲ್ಲಿ ತೊಳೆದು, ಹುರುಳಿಕಾಳು ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಬೆಂದ ಮೇಲೆ ಬಸಿಯುತ್ತಿದ್ದಳು. ಆ ಬಸಿದ ಕಟ್ಟು ಇದೆಯಲ್ಲ, ಒಂದು ಹನಿ ಚೆಲ್ಲೋ ಹಾಗಿರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಸುಟ್ಟು, ಜೀರಿಗೆ, ಹುಣಸೆಹಣ್ಣು, ತೆಂಗಿನಕಾಯಿ, ಜೊತೆಗೆ ಬೆಂದ ಕಾಳು ಒಂದು ಹಿಡಿ ಹಾಕಿ ರುಬ್ಬಿ, ಆ ಕಟ್ಟಿಗೇ ಬೆರೆಸಿ ಕುದಿಸಿದರೆ ಬಸ್ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಸೊಪ್ಪು ಬೇಯಿಸಿದಾಗ ಅದರ ಸತ್ವದಲ್ಲಿ ಒಂದಷ್ಟು ನೀರಿಗೆ ಇಳಿಯುತ್ತೆ. ಆ ನೀರನ್ನೇ ಸಾರು ಮಾಡಿದವರು ಎಂಥ ಜಾಣೆಯರು ಅಂತ ನನಗೆ ಈಗಲೂ ಆಶ್ಚರ್ಯ. ಹುರುಳಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಕೊಡುತ್ತೆ. ನೀನು ಡಬ್ಬಿಗೆ ಮೂರು ಸಾವಿರ ಕೊಟ್ಟು ತರಿಸೋ ಪುಡಿ ಬಗ್ಗೆ ನಾನೇನೂ ಹೇಳಲ್ಲ, ಹುರುಳಿ ಕಳಿಸುತ್ತೇನೆ ಅಷ್ಟೇ.

ಮುದ್ದೆ ನಿನಗೆ ಇಷ್ಟ ಇಲ್ಲ, ಗೊತ್ತು. ಆದರೂ ಕೇಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಇದೆ. ಬಿಳಿ ಅಕ್ಕಿಯಲ್ಲಿ 10 ಕೂಡ ಇಲ್ಲ. ಅಷ್ಟೂ ಮೈಗೆ ಹಿಡಿಯಲ್ಲ, ರಾಗಿಯಲ್ಲಿರೋ ಕೆಲವು ಅಂಶಗಳೇ ಅದನ್ನು ತಡೆಯುತ್ತವೆ. ಮೊಳಕೆ ಕಟ್ಟಿದರೆ ಆ ತಡೆ ಕಮ್ಮಿಯಾಗುತ್ತೆ. ಅದಕ್ಕೇ ನಿನಗೆ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿಸಿದ ಹಿಟ್ಟು. ರೊಟ್ಟಿ ತಟ್ಟು, ದೋಸೆ ಹುಯ್ಯಿ, ನಿನ್ನಿಷ್ಟ. ಶುಗರ್ ಇದ್ದವರು ರಾಗಿ ಎಷ್ಟು ತಿಂದರೂ ಏನೂ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡ, ಅದರಲ್ಲೂ ಪಿಷ್ಟ ಇದೆ, ನೀರು ನೀರಾದ ಗಂಜಿ ಬೇಗ ಸಕ್ಕರೆ ಏರಿಸುತ್ತೆ. ಊಟ ಆದ ತಕ್ಷಣ ಕಾಫಿ ಕುಡಿಯೋ ಅಭ್ಯಾಸವನ್ನೂ ಬಿಡು, ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಒಂದು ಗಂಟೆ ಬಿಟ್ಟು ಕುಡಿ.

ಇನ್ನೊಂದು ಮಾತು. ಹಳೇದೆಲ್ಲ ಒಳ್ಳೇದು, ಹೊಸದೆಲ್ಲ ವಿಷ ಅನ್ನೋರ ಜೊತೆ ನನಗೆ ಈಗ ಆಗಲ್ಲ. ತಾತ ಬೆಳೆಯುತ್ತಿದ್ದ ಇಂಡಾಫ್ ರಾಗಿ, ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಅನ್ನೋ ವಿಜ್ಞಾನಿ ನಮ್ಮ ದೇಶದ ತಳಿಗೂ ಆಫ್ರಿಕಾದ ತಳಿಗೂ ಕೂಡಿಸಿ ಮಾಡಿದ್ದು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ನಮ್ಮ ಹೊಟ್ಟೆ ತುಂಬಿಸಿದ್ದು ಆ ವಿಜ್ಞಾನವೇ. ಅಜ್ಜಿಯ ಕಾಲ ಚಿನ್ನದ ಕಾಲ ಅಂತಲೂ ಅಂದುಕೊಳ್ಳಬೇಡ. ಅವಳು ಎಂಟು ಹೆತ್ತು ಐದು ಉಳಿಸಿಕೊಂಡವಳು. ಚುಚ್ಚುಮದ್ದು ಇದ್ದಿದ್ದರೆ ಎಂಟೂ ಉಳಿಯುತ್ತಿದ್ದವು ಅಂತ ಅವಳೇ ಅಳುತ್ತಿದ್ದಳು.

ಆದರೆ ಒಂದು ವಿಷಯದಲ್ಲಿ ನನಗೆ ಅವಳ ಹಾಗೆ ಆಗಬೇಕು ಅಂತ ಆಸೆ. 84ರಲ್ಲೂ ಚಾಪೆ ಮೇಲಿಂದ ಕೈ ಊರದೆ ಏಳುತ್ತಿದ್ದಳು. ಒಂದು ಕಾಲು ಮಡಚಿ, ಮೈ ಸ್ವಲ್ಪ ಮುಂದಕ್ಕೆ ಬಾಗಿಸಿ, ಎದ್ದೇಬಿಡುತ್ತಿದ್ದಳು. ನಿನ್ನ ಅಪ್ಪನ ಅಮ್ಮ, ಪಾಪ, 68ಕ್ಕೇ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಮೇಲೆ ಎರಡು ವರ್ಷ ಮಂಚದ ಮೇಲೆ, ಅವರ ಸ್ನಾನ, ಬಟ್ಟೆ ಎಲ್ಲಾ ನಾನೇ ಮಾಡಿಸುತ್ತಿದ್ದೆ. ಅವರಿಗೆ ನೋವಿಗಿಂತ ನಾಚಿಕೆ ಜಾಸ್ತಿ. ಪ್ರತಿ ಸಲ ಮುಖ ಗೋಡೆ ಕಡೆ ತಿರುಗಿಸಿಕೊಳ್ಳುತ್ತಿದ್ದರು.

ಅದು ನನ್ನ ಕಣ್ಣಿಂದ ಹೋಗಿಲ್ಲ. ಮುಖದ ಸುಕ್ಕು ನನಗೆ ಭಯ ಹುಟ್ಟಿಸಲ್ಲ ಪುಟ್ಟಿ, ಆ ಗೋಡೆ ಭಯ. ಮುಟ್ಟು ನಿಂತ ಮೇಲೆ ನಾಲ್ಕೈದು ವರ್ಷ ಮೂಳೆ ಬೇಗ ಬೇಗ ಸವೆಯುತ್ತೆ. ಅಷ್ಟು ಹೊತ್ತಿಗೆ ಕೂಡಿಟ್ಟಿದ್ದರೆ ತಡೆಯುತ್ತೆ, ಇಲ್ಲದಿದ್ದರೆ ಇಲ್ಲ. ಕೂಡಿಡೋ ವಯಸ್ಸು ನಿನ್ನದು. ಬ್ರೆಜಿಲ್‌ನ ಕ್ಲಾಡಿಯೋ ಗಿಲ್ ಅರಾಜೋ ಅನ್ನೋ ಡಾಕ್ಟರು 51ರಿಂದ 80 ವರ್ಷದ ಎರಡು ಸಾವಿರ ಜನರನ್ನು ನೆಲದ ಮೇಲೆ ಕೂರಿಸಿ ಎಬ್ಬಿಸಿ, ಹತ್ತಕ್ಕೆ ಅಂಕ ಕೊಟ್ಟು, ವರ್ಷಾನುಗಟ್ಟಲೆ ಗಮನಿಸಿದರಂತೆ. ಕೈಯೋ ಮೊಣಕಾಲೋ ಊರಿದರೆ ಒಂದೊಂದು ಅಂಕ ಕಟ್. ತೀರಾ ಕಮ್ಮಿ ಅಂಕ ಬಂದವರಲ್ಲೇ ಸಾವು ಜಾಸ್ತಿ ಇತ್ತು. ಅದನ್ನು ಓದಿದ ದಿನ ನಾನೂ ಕೂತು ಎದ್ದೆ. ಆರು ಬಂತು. ಈಗ ರಾತ್ರಿ ಊಟ ನೆಲದ ಮೇಲೆ, ಮಣೆ ಹಾಕಿಕೊಂಡು. ಬೆಳಿಗ್ಗೆ ಬಿಸಿಲಿಗೆ ಮುಕ್ಕಾಲು ಗಂಟೆ ನಡಿಗೆ, ಬರುವಾಗ ಎರಡೂ ಕೈಯಲ್ಲಿ ತರಕಾರಿ ಚೀಲ. ನೀನು ನಡಿತೀಯ, ಸರಿ, ಆದರೆ ಭಾರ ಎತ್ತಲ್ಲ. ಎತ್ತು. ಮೂಳೆಗೆ ಭಾರ ಬೀಳಬೇಕು, ಮಾಂಸಖಂಡಕ್ಕೂ ಬೀಳಬೇಕು. ಜಿಮ್ಮಿಗೆ ಹೋಗು, ಖರ್ಚು ಅಂತ ಯೋಚನೆ ಮಾಡಬೇಡ, ಮುಖಕ್ಕೆ ಹಚ್ಚೋ ಕ್ರೀಮಿಗಿಂತ ಅದು ಎಷ್ಟೋ ವಾಸಿ.

ಪಾರ್ಸಲ್ ಕಟ್ಟಿಟ್ಟಿದ್ದೇನೆ. ಮೊಳಕೆ ರಾಗಿ ಹಿಟ್ಟು ಎರಡು ಕೆಜಿ, ಹುರುಳಿ ಒಂದು ಕೆಜಿ, ಹುಚ್ಚೆಳ್ಳು ಚಟ್ನಿಪುಡಿ ಸ್ಟೀಲ್ ಡಬ್ಬಿಯಲ್ಲಿ, ಎಣ್ಣೆ ಸೀಸೆಯನ್ನು ಹಳೇ ಟವೆಲ್‌ನಲ್ಲಿ ಸುತ್ತಿದ್ದೇನೆ. ಚಟ್ನಿಪುಡಿಗೆ ಈ ಸಲ ಉಪ್ಪು ಕಮ್ಮಿ ಹಾಕಿದ್ದೇನೆ, ಮೇಲೆ ಹಾಕಿಕೊಳ್ಳಬೇಡ. ಶುಕ್ರವಾರ ಬೆಳಿಗ್ಗೆ ತಿಪಟೂರಿನಿಂದ ಹೊರಡೋ ಬಸ್ಸಿನಲ್ಲಿ ಕಳಿಸುತ್ತೇವೆ, ನಿಮ್ಮಪ್ಪ ಬಸ್ಸಿನ ನಂಬರ್ ಫೋನಿಗೆ ಹಾಕುತ್ತಾರೆ. ಬಿ12, ಥೈರಾಯ್ಡ್ ಜೊತೆಗೆ ವಿಟಮಿನ್ ಡಿ ಕೂಡ ನೋಡಿಸು, ರಿಪೋರ್ಟ್ ಬಂದ ದಿನವೇ ಫೋಟೋ ಕಳಿಸು. ನನ್ನ ಬಿಪಿ ನಿನ್ನೆ 128, 82 ಇತ್ತು. ಇನ್ನು ಮೇಲೆ ಪ್ರತಿ ಭಾನುವಾರ ನಾನು ನನ್ನದು ಹೇಳುತ್ತೇನೆ, ನೀನು ನಿನ್ನದು ಹೇಳು.

ಅಮ್ಮ