ಭಾನುವಾರ ರಾತ್ರಿ ಒಂದು ಬೇಸರದ ಹಾಡು

ದೋಸ್ತರೇ, ಈ ಭಾನುವಾರ ರಾತ್ರಿ 9ಕ್ಕೆ ಎಲ್ಲರೂ ತಮ್ಮಿಷ್ಟದ ಒಂದು ದುಃಖದ ಹಾಡು ಕಳಿಸಬೇಕು. ಒಂದೇ ಒಂದು! ಹೋದ ಸಲ ಒಬ್ಬರೇ 14 ಲಿಂಕ್ ಹಾಕಿದರು, ಯಾರೂ ಕೇಳಲಿಲ್ಲ.

ಆದಷ್ಟು ಹಾಡಿದವರೇ ಬರೆದದ್ದು ಇರಲಿ. ಗಿಟಾರ್ ಇರಲೇಬೇಕು ಅಂತೇನಿಲ್ಲ. ನಮ್ಮ ಶಿಗ್ಗಾವಿ ಕಡೆಯ ಶಿಶುನಾಳ ಶರೀಫರೂ ತಾವೇ ಪದ ಕಟ್ಟಿ ಹಾಡಿದವರೇ ಅಲ್ವಾ?

ನನ್ನ ಆಯ್ಕೆ ಇಂಗ್ಲೆಂಡಿನ ನಿಕ್ ಡ್ರೇಕ್. 1974ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 26. ಅಷ್ಟರಲ್ಲಿ ಬಂದದ್ದು ಮೂರೇ ಆಲ್ಬಮ್. ಕೊನೆಯದು, 1972ರ 'ಪಿಂಕ್ ಮೂನ್', ಅರ್ಧ ಗಂಟೆಯೂ ಇಲ್ಲ. ಅವನ ದನಿ, ಗಿಟಾರ್, ಒಂದು ಕಡೆ ಚೂರು ಪಿಯಾನೊ, ಅಷ್ಟೇ. ಧಾರವಾಡದ ಜಿಟಿಜಿಟಿ ಮಳೆಗೆ ಇದಕ್ಕಿಂತ ಒಪ್ಪುವಂಥದ್ದು ನನಗೆ ಸಿಕ್ಕಿಲ್ಲ. ಪದ ತಿಳಿಯದಿದ್ದರೂ ಕೇಳಿ. ಹೆಡ್‌ಫೋನ್ ಹಾಕಿಕೊಂಡು, ಒಬ್ಬರೇ.

ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಯಾರಾದರೂ ಕಳಿಸಿಯೇ ಕಳಿಸುತ್ತೀರಿ, ಗೊತ್ತು. ಕಳಿಸಿ. ಬಹಳ ದಿನ ನಾನು ಅದನ್ನು ಪ್ರೇಮಗೀತೆ ಅಂದುಕೊಂಡಿದ್ದೆ. ಮಗು ತೀರಿಕೊಂಡ ಸಂಕಟದಲ್ಲಿ ಹೆಂಡತಿಯ ಕಣ್ಣು ನೋಡಿ ಬರೆದದ್ದು ಅಂತ ತಿಳಿದ ಮೇಲೆ ಪೂರ್ತಿ ಕೇಳಲು ಧೈರ್ಯ ಸಾಲುತ್ತಿಲ್ಲ.

ಲಿಂಕಿನ ಜೊತೆ ಎರಡು ಸಾಲು ಬರೆಯಿರಿ: ಮೊದಲು ಎಲ್ಲಿ ಕೇಳಿದಿರಿ, ಯಾರ ನೆನಪಾಗುತ್ತದೆ. ಸುಮ್ನೆ 'ಸೂಪರ್' ಬೇಡ. ಗುಡ್ ಮಾರ್ನಿಂಗ್ ಚಿತ್ರಗಳಂತೂ ಬೇಡವೇ ಬೇಡ.

ಮನಸ್ಸು ನಿಜವಾಗಿಯೇ ಭಾರವಾಗಿದ್ದರೆ ಹಾಡು ಪಕ್ಕಕ್ಕಿಟ್ಟು ನನಗೆ ಫೋನ್ ಮಾಡಿ. ಗಿರಮಿಟ್ಟು, ಮಿರ್ಚಿ ತಿನ್ನುತ್ತಾ ಮಾತಾಡೋಣ.