ಶನಿವಾರ ಮಂಗಳೂರು ಹಳೆ ಬಂದರಿಗೆ: ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಎರಡನೇ ಶನಿವಾರ ನಾವು ಮಂಗಳೂರಿನ ಹಳೆ ಬಂದರಿಗೆ ಹೋಗುತ್ತಿದ್ದೇವೆ. ಬೆಳಿಗ್ಗೆ ಏಳಕ್ಕೆ ಕಾಸರಗೋಡು ಸ್ಟೇಷನ್‌ಗೆ ಬನ್ನಿ. ಕುಂಬಳೆ, ಮಂಜೇಶ್ವರದವರು ಅಲ್ಲಲ್ಲೇ ರೈಲು ಹತ್ತಿದರೆ ಸಾಕು.

ನಾವು ನೋಡಲು ಹೋಗುವುದು ಮಂಜಿಗಳನ್ನು, ಅಂದರೆ ಸರಕು ಸಾಗಿಸುವ ಮರದ ಹಡಗುಗಳನ್ನು. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಶುರುವಾಯಿತು, ದೊಡ್ಡ ಹಡಗುಗಳ ವ್ಯಾಪಾರ ಅಲ್ಲಿಗೆ ಹೋಯಿತು. ಲಕ್ಷದ್ವೀಪದ ಸರಕು ಮಾತ್ರ ಹಳೆ ಬಂದರಿನ ಧಕ್ಕೆಯನ್ನು (ಹಡಗುಕಟ್ಟೆಯನ್ನು) ಬಿಡಲಿಲ್ಲ. ಸಿಮೆಂಟು, ಜಲ್ಲಿ, ಅಕ್ಕಿ, ತರಕಾರಿ ಎಲ್ಲ ಇಲ್ಲಿಂದಲೇ ಮಂಜಿ ಹತ್ತುತ್ತವೆ. ಹಾಯಿ ಹೋಗಿ ಡೀಸೆಲ್ ಎಂಜಿನ್ ಬಂದಿದೆ, ಮೈ ಮಾತ್ರ ಮರದ್ದೇ.

ಮಂಜಿಯ ಬದಿಯನ್ನು ಹತ್ತಿರದಿಂದ ನೋಡಿ. ಹಲಗೆಗಳ ಸಂದಿಗೆ ಹತ್ತಿ ತುರುಕಿ, ಉಳಿ ಇಟ್ಟು ಬಡಿದು ಕೂರಿಸಿರುತ್ತಾರೆ. ನೀರು ಕುಡಿದು ಮರ ಉಬ್ಬಿದಾಗ ಸಂದಿ ಇನ್ನೂ ಬಿಗಿಯಾಗುತ್ತದೆ. ಎಂಥ ಲೆಕ್ಕಾಚಾರ, ಅಲ್ವಾ?

ಒಂದು ಮುಖ್ಯ ವಿಷಯ. ದಡದಿಂದ ಮಂಜಿಗೆ ಹಾಕಿದ ಹಲಗೆ ಬಹಳ ಕಿರಿದು. ತಲೆ ಮೇಲೆ ಮೂಟೆ ಹೊತ್ತವರು ಅದು ಬಳುಕುವ ಲಯಕ್ಕೇ ಹೆಜ್ಜೆ ಹಾಕುತ್ತಾರೆ, ನಡುವೆ ನಿಂತರೆ ಅವರು ಬೀಳಬಹುದು. ಫೋಟೋಗೆಂದು ಸುಮ್ನೆ ಅಡ್ಡ ಹೋಗಬೇಡಿ. ಕೇಳಿಯೇ ತೆಗೆಯಿರಿ. ಇದು ಅವರ ದುಡಿಮೆಯ ಜಾಗ, ನಾವು ಅತಿಥಿಗಳು.

ಮಳೆಗಾಲದಲ್ಲಿ ಮಂಜಿಗಳು ಕಡಲಿಗಿಳಿಯುವುದಿಲ್ಲ. ಹಾಗಾಗಿ ಈ ಸಲ ತಪ್ಪಿಸಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಬಂದರಿನಲ್ಲಿ ದುಡಿದ ಹಿರಿಯರಿದ್ದರೆ ದಯವಿಟ್ಟು ಕರೆತನ್ನಿ, ಅವರಿಗೆ ಆಟೋ ವ್ಯವಸ್ಥೆ ಮಾಡುತ್ತೇವೆ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ. ಟೋಪಿ, ನೀರಿನ ಬಾಟಲಿ ಇರಲಿ.