ಅವರ ಮಾತು ನನ್ನದೇ ಅನ್ನಿಸುತ್ತೆ ಅಂತ ಬರೆದಿದ್ದೀಯಲ್ಲ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ, ಅದನ್ನೇ ನಾನೂ ಬರೆಯುವುದಿಲ್ಲ. ನಿನ್ನ ಕಾಗದ ಬಂತು. ಇಷ್ಟದ ಖಳನಾಯಕರ ಬಗ್ಗೆ ಪುಟಗಟ್ಟಲೆ ಬರೆದಿದ್ದೀಯ. ದುರ್ಯೋಧನ, ರಾವಣ, ಶೇಕ್ಸ್‌ಪಿಯರ್‌ನ ಇಯಾಗೊ, ಇಂಗ್ಲಿಷ್ ಕವಿ ಮಿಲ್ಟನ್ನನ ಸೈತಾನ. ಓದುತ್ತಾ ಖುಷಿಯಾಯಿತು. ಆದರೆ ಕೊನೆಗೆ, ಹೆಸರು ಬರೆಯುವ ಮುಂಚೆ, ಸಣ್ಣ ಅಕ್ಷರದಲ್ಲಿ ಒಂದು ಮಾತು ಸೇರಿಸಿದ್ದೀಯ. "ನಾನು ಬಾಯಿಬಿಟ್ಟು ಹೇಳಲಾಗದ್ದನ್ನು ಇವರು ಹೇಳುತ್ತಾರೆ ದೊಡ್ಡಮ್ಮ. ನನ್ನೊಳಗೇ ಏನೋ ಕೆಟ್ಟದ್ದಿದೆಯಾ ಅಂತ ಭಯವಾಗುತ್ತೆ." ಮಿಕ್ಕದ್ದೆಲ್ಲ ಪಕ್ಕಕ್ಕೆ ಸರಿದು ಅದೊಂದೇ ತಲೆಯಲ್ಲಿ ಉಳಿಯಿತು. ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಕೆಟ್ಟವನ ಕಡೆ ಮನಸ್ಸು ವಾಲಿದ್ದು ನಿನಗೊಬ್ಬನಿಗೇ ಅಲ್ಲ. ಅವರನ್ನು ಬರೆದ ಕವಿಗಳಿಗೇ ವಾಲಿದೆ.

ರನ್ನನನ್ನೇ ತೊಗೋ. 10ನೇ ಶತಮಾನದವನು. ಗದಾಯುದ್ಧ ಬರೆಯಲು ಕೂತದ್ದು ಭೀಮನನ್ನು ಹೊಗಳುವುದಕ್ಕೆ. ಆಶ್ರಯ ಕೊಟ್ಟ ದೊರೆ ಸತ್ಯಾಶ್ರಯನನ್ನೇ ಭೀಮನ ಜಾಗದಲ್ಲಿ ನಿಲ್ಲಿಸಿದ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮವಿಜಯ. ಇಷ್ಟಾದರೂ ಓದಿ ಮುಗಿಸಿದ ಮೇಲೆ ಕಣ್ಣ ಮುಂದೆ ನಿಲ್ಲುವವನು ದುರ್ಯೋಧನ, ಅಲ್ವಾ? ಯುದ್ಧ ಹೆಚ್ಚುಕಮ್ಮಿ ಮುಗಿದಿದೆ. ಸಂಜಯನ ಜೊತೆ ಹೆಣಗಳ ನಡುವೆ ನಡೆದು ಬರುತ್ತಾನೆ. ದ್ರೋಣರನ್ನು ನೋಡುತ್ತಾನೆ. ಅಭಿಮನ್ಯುವನ್ನು ನೋಡಿ ನಿಲ್ಲುತ್ತಾನೆ. ಅವನು ಶತ್ರುವಿನ ಮಗ, ಕೊಂದದ್ದು ಇವನ ಕಡೆಯವರೇ. ಆದರೂ ಕೈಮುಗಿದು, ನಿನ್ನ ಸಾಹಸದಲ್ಲಿ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೂ ಬರಲಿ ಅಂತ ಕೇಳಿಕೊಳ್ಳುತ್ತಾನೆ. ಮುಂದೆ ಸ್ವಂತ ಮಗ ಲಕ್ಷಣಕುಮಾರ ಬಿದ್ದಿದ್ದಾನೆ. ಅಪ್ಪನಿಗೆ ಮಗ ನೀರು ಬಿಡಬೇಕು, ನಾನು ನಿನಗೆ ಬಿಡುವಂತಾಯಿತಲ್ಲ, ಕ್ರಮವನ್ನೇ ತಿರುವುಮುರುವು ಮಾಡಿದೆಯಲ್ಲೋ ಅನ್ನುತ್ತಾನೆ. ಆಮೇಲೆ ದುಶ್ಶಾಸನ. ಆಮೇಲೆ ಕರ್ಣ.

"ನೀನುಳ್ಳೊಡುಂಟು ರಾಜ್ಯಂ." ನೀನಿದ್ದರೆ ರಾಜ್ಯ, ನೀನಿದ್ದರೆ ಪಟ್ಟ, ನೀನೇ ಇಲ್ಲದ ಮೇಲೆ ಇವೆಲ್ಲ ಇದ್ದೇನು ಅಂತ ಅಳುತ್ತಾನೆ. ಯಾವ ರಾಜ್ಯಕ್ಕಾಗಿ ಇಷ್ಟೆಲ್ಲ ಮಾಡಿದನೋ ಅದನ್ನೇ ಗೆಳೆಯನ ಹೆಣದ ಮುಂದೆ ಕಸದಂತೆ ಎಸೆಯುತ್ತಾನೆ. ನಿನ್ನ ಅಜ್ಜ ಈ ಪದ್ಯವನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದರು. ಇಲ್ಲಿಗೆ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. ಯಾರನ್ನು ನೆನೆಸಿಕೊಳ್ಳುತ್ತಿದ್ದರೋ. ಆಗ ಕೇಳಬೇಕು ಅನ್ನಿಸಲಿಲ್ಲ, ಈಗ ಕೇಳಲಿಕ್ಕೆ ಅವರಿಲ್ಲ.

ಹೀಗಿರುವಾಗ ನೀನು ಅವನನ್ನು ಮೆಚ್ಚಿದ್ದರಲ್ಲಿ ಕೆಟ್ಟದ್ದೇನು ಬಂತು? ಆ ಜಾಗದಲ್ಲಿ ನೀನು ಮೆಚ್ಚಿದ್ದು ಅವನ ಸ್ನೇಹವನ್ನು, ಶತ್ರುವಿನ ಮಗನ ಮುಂದೆಯೂ ತಲೆಬಾಗುವ ಗುಣವನ್ನು. ಸಭೆಗೆ ದ್ರೌಪದಿಯನ್ನು ಎಳೆದು ತರಿಸಿದ್ದನ್ನಲ್ಲ. ರನ್ನ ಅದನ್ನೂ ಮುಚ್ಚಿಟ್ಟಿಲ್ಲ. ಬಿಚ್ಚಿದ ಮುಡಿಯ ದ್ರೌಪದಿ ಅದೇ ಕಾವ್ಯದಲ್ಲಿ ನಿಂತಿದ್ದಾಳೆ, ಭೀಮನನ್ನು ಕೆಣಕುತ್ತಾಳೆ. ಇಬ್ಬರನ್ನೂ ಒಟ್ಟಿಗೆ ನಮ್ಮ ಮುಂದೆ ತಂದಿಟ್ಟಿದ್ದರಿಂದಲೇ ಅದು ಅಷ್ಟು ದೊಡ್ಡ ಕಾವ್ಯ ಅಂತ ನನಗನ್ನಿಸುತ್ತದೆ.

ಆದರೆ ನೀನು ಬರೆದದ್ದು ಮೆಚ್ಚಿಕೆಯ ಮಾತಲ್ಲ. "ನಾನು ಹೇಳಲಾಗದ್ದನ್ನು" ಅಂದಿದ್ದೀಯ. ನನ್ನನ್ನು ಕೊರೆಯುತ್ತಿರುವುದು ಅದು. ಏನು ಹೇಳಲಾಗುತ್ತಿಲ್ಲ ನಿನಗೆ?

ನಿನ್ನಮ್ಮನಿಗೂ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ನಾನು ಕೆಲಸದಲ್ಲಿದ್ದಾಗ, ನನಗೇ ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದ ಪ್ರಮೋಷನ್ ನನಗಿಂತ ಕಿರಿಯರೊಬ್ಬರಿಗೆ ಹೋಯಿತು. ಅವರ ಕೈ ಕುಲುಕಿ, ನಗುತ್ತಾ ಅಭಿನಂದನೆ ಹೇಳಿ ಮನೆಗೆ ಬಂದೆ. ಆ ದಿನಗಳಲ್ಲೇ ಒಥೆಲೊ ನಾಟಕ ಓದುತ್ತಿದ್ದೆ. ಒಥೆಲೊ ಸೇನಾಪತಿ, ಇಯಾಗೊ ಅವನ ಕೈಕೆಳಗಿನವನು. ಮೊದಲ ದೃಶ್ಯದಲ್ಲೇ ಇಯಾಗೊ ಏನು ಹೇಳುತ್ತಾನೆ ನೋಡು. ಯುದ್ಧ ಕಂಡವನು ನಾನು, ಪುಸ್ತಕ ಓದಿದ ಕ್ಯಾಸಿಯೊಗೆ ಹುದ್ದೆ ಹೋಯಿತು, ಈಗೆಲ್ಲ ಶಿಫಾರಸಿನ ಕಾಗದಕ್ಕೆ ಬೆಲೆ, ಸೇವೆಯ ಹಿರಿತನಕ್ಕಿಲ್ಲ ಅನ್ನುತ್ತಾನೆ. ಪುಟ್ಟ, ನನ್ನ ಎದೆಯೊಳಗಿನ ಮಾತನ್ನು ಯಾರೋ ಕದ್ದು ಬರೆದಂತಿತ್ತು. ಆ ಪುಟವನ್ನು ಮತ್ತೆ ಮತ್ತೆ ಓದಿದೆ. ಓದಿ ಹೆದರಿದೆ. ನಿನಗೀಗ ಆಗುತ್ತಿದೆಯಲ್ಲ, ಅದೇ ಹೆದರಿಕೆ.

ಆ ನಾಟಕದಲ್ಲಿ ಒಥೆಲೊಗಿಂತ ಜಾಸ್ತಿ ಮಾತು ಇಯಾಗೊನದು. ಸುತ್ತಲಿದ್ದವರೆಲ್ಲ ಅವನನ್ನು ಪ್ರಾಮಾಣಿಕ ಅನ್ನುತ್ತಾರೆ. ನಿಜ ಗೊತ್ತಿರುವುದು ನಮಗೊಬ್ಬರಿಗೇ. ಯಾಕಂದರೆ ಒಬ್ಬನೇ ಆದಾಗಲೆಲ್ಲ ಅವನು ನಮ್ಮ ಕಡೆ ತಿರುಗಿ ತನ್ನ ಹೂಟವನ್ನು ಹೇಳುತ್ತಾನೆ. ಗುಟ್ಟು ಹೇಳಿದವನ ಮೇಲೆ ಒಂದು ಸಲಿಗೆ ಬಂದೇ ಬರುತ್ತದೆ. ಬೇಡ ಅಂದರೂ ಅವನ ಪಾಲುದಾರರಾಗಿಬಿಡುತ್ತೇವೆ. ಶೇಕ್ಸ್‌ಪಿಯರ್ ಬೇಕಂತಲೇ ಹಾಗೆ ಮಾಡಿದ್ದಾನೆ. ನಿನಗೆ ಅವನು ಹತ್ತಿರದವನು ಅನ್ನಿಸಿದ್ದರಲ್ಲಿ ಅರ್ಧದಷ್ಟು ಆ ಬರವಣಿಗೆಯ ಕಸುಬು. ಉಳಿದರ್ಧ ನಿನ್ನದಿರಬಹುದು. ಆ ಅರ್ಧದ ಬಗ್ಗೆಯೇ ನನಗೆ ಯೋಚನೆ.

ನಾನು ಅವನ ಕೈ ಬಿಟ್ಟ ಜಾಗ ಚೆನ್ನಾಗಿ ನೆನಪಿದೆ. ನಾಲ್ಕನೇ ಅಂಕ. ಇಯಾಗೊನ ಚಾಡಿ ನಂಬಿ ಒಥೆಲೊ ಹೆಂಡತಿ ಡೆಸ್ಡಿಮೋನಾಳ ಶೀಲವನ್ನೇ ಶಂಕಿಸಿದ್ದಾನೆ. ಗಂಡ ಯಾಕೆ ಹೀಗಾದ ಅಂತ ಅವಳಿಗೆ ಗೊತ್ತಿಲ್ಲ. ಬೇರೆ ಯಾರೂ ಸಿಗದೆ ಇಯಾಗೊನ ಹತ್ತಿರವೇ ಬರುತ್ತಾಳೆ. ಅವನ ಮುಂದೆ ಮಂಡಿಯೂರುತ್ತಾಳೆ. ನನ್ನ ಒಡೆಯನ ಮನಸ್ಸನ್ನು ಮತ್ತೆ ಗೆಲ್ಲಲು ನಾನೇನು ಮಾಡಲಿ, ನೀನೇ ಹೇಳು ಅಂತ ಕೇಳುತ್ತಾಳೆ. ಪಕ್ಕದಲ್ಲಿ ಅವನ ಹೆಂಡತಿ ಎಮಿಲಿಯಾ. ಯಾವನೋ ನೀಚ ಒಥೆಲೊನ ಕಿವಿಯೂದಿದ್ದಾನೆ ಅಂತ ಅವಳು ಸಿಟ್ಟಿನಲ್ಲಿ ಹೇಳುತ್ತಾಳೆ. ಅಂಥವನು ಇರಲಾರ, ಸಾಧ್ಯವೇ ಇಲ್ಲ ಅನ್ನುತ್ತಾನೆ ಇಯಾಗೊ. ಡೆಸ್ಡಿಮೋನಾಗೆ ಸಮಾಧಾನವನ್ನೂ ಹೇಳುತ್ತಾನೆ, ರಾಜ್ಯದ ಕೆಲಸದ ತಲೆಬಿಸಿ ಅಷ್ಟೇ ಅಂತ. ಅಲ್ಲಿ ನನಗೆ ಮೈ ತಣ್ಣಗಾಯಿತು. ಪ್ರಮೋಷನ್ ಸಿಗದ ಸಂಕಟ ನನ್ನದೂ ಹೌದು, ಅವನದೂ ಹೌದು. ಆದರೆ ಕಾಲ ಬಳಿ ಕೂತವಳ ಮುಖ ನೋಡಿಯೂ ಹಾಗೆ ಮಾತಾಡುವುದು ನನ್ನದಲ್ಲ. ನಿನಗೂ ಅಂಥ ಒಂದು ಜಾಗ ಬಂದಿತ್ತಾ? ಬಂದಿರಲೇಬೇಕು ಅಂತ ನನ್ನ ನಂಬಿಕೆ. ಕಾಗದದಲ್ಲಿ ನೀನು ಅದನ್ನು ಬರೆದಿಲ್ಲ, ಹತ್ತಿರವಾದ ಜಾಗಗಳನ್ನಷ್ಟೇ ಬರೆದಿದ್ದೀಯ.

ಸೈತಾನನ ವಿಷಯ ಜಾಸ್ತಿ ಹೇಳುವುದಿಲ್ಲ, ನೀನೇ ನನಗಿಂತ ಚೆನ್ನಾಗಿ ಬರೆದಿದ್ದೀಯ. ದೇವರ ವಿರುದ್ಧ ದಂಗೆಯೆದ್ದು ಸೋತು ಬಿದ್ದ ತನ್ನವರ ಮುಂದೆ ಮಾತಾಡಲು ಹೋಗಿ, ಮೂರು ಸಲವೂ ಅಳು ಉಕ್ಕಿ ಬರುತ್ತದಲ್ಲ, ಅದನ್ನು ಓದಿ ಮರುಗದವರು ಯಾರು? 1667ರಲ್ಲಿ ಆ ಕಾವ್ಯ, ಪ್ಯಾರಡೈಸ್ ಲಾಸ್ಟ್, ಅಚ್ಚಾಯಿತು. ಮುಂದಿನ ಶತಮಾನದ ಕವಿ ಬ್ಲೇಕ್ ಅಂತೂ, ಮಿಲ್ಟನ್ ತನಗೇ ಗೊತ್ತಿಲ್ಲದೆ ಸೈತಾನನ ಪಕ್ಷದವನು ಅಂದುಬಿಟ್ಟ. ದೇವರ ದಾರಿ ಸರಿ ಅಂತ ಸಾಧಿಸಲು ಹೊರಟ ಕವಿಗೇ ಆ ಮಾತು ಬಂತು. ಹತ್ತನೇ ಭಾಗವನ್ನೂ ಓದಿದೆಯಾ? ಆದಾಮ ಈವರನ್ನು ಮರುಳುಮಾಡಿ, ಗೆದ್ದೆ ಅಂತ ಹಿಂದಿರುಗಿ ಭಾಷಣ ಮಾಡಿ, ಚಪ್ಪಾಳೆಗೆ ಕಾಯುತ್ತಾ ನಿಲ್ಲುತ್ತಾನೆ. ಕೇಳಿಸುವುದು ಹಾವುಗಳ ಬುಸುಗುಟ್ಟುವಿಕೆ. ಅವನೂ ಹಾವಾಗುತ್ತಾನೆ. ಮೊದಲ ಭಾಗದಲ್ಲಿ ಅಷ್ಟು ಚೆನ್ನಾಗಿ ಮಾತಾಡಿದವನಿಗೆ ಅಲ್ಲಿ ಮಾತೇ ಇಲ್ಲ.

ಇಯಾಗೊಗೂ ಕೊನೆಗೆ ಹಾಗೇ. ಯಾಕೆ ಮಾಡಿದೆ ಅಂತ ಕೇಳಿದರೆ, ಇನ್ನು ಒಂದು ಮಾತೂ ಆಡುವುದಿಲ್ಲ ಅನ್ನುತ್ತಾನೆ. ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ನಾಟಕದ ಉದ್ದಕ್ಕೂ ಮಾತಾಡಿದವನು ಆಡಲೇಬೇಕಾದ ಒಂದು ಮಾತನ್ನು ಯಾರಿಗೂ ಆಡಲಿಲ್ಲ. ನನಗೆ ನೋವಾಗಿದೆ ಅಂತ ನೇರವಾಗಿ ಒಥೆಲೊಗೆ ಹೇಳಲಿಲ್ಲ. ಹೇಳಿದ್ದರೆ ಆ ನಾಟಕವೇ ಇರುತ್ತಿರಲಿಲ್ಲ, ನಿಜ. ಆದರೆ ಮನೆಗಳಲ್ಲಿ ನಾಟಕ ನಡೆಯಬೇಕಾಗಿಲ್ಲವಲ್ಲ.

ನೋಡು, ಮತ್ತೆ ಅಲ್ಲಿಗೇ ಬಂದೆ. ಹೇಳಲಾಗದ್ದು.

ನಿನ್ನ ಪಟ್ಟಿಯಲ್ಲಿ ರಾವಣನ ಬಗ್ಗೆ ತೀರಾ ಕಡಿಮೆ ಇದೆ. ಕವಿ ನಾಗಚಂದ್ರನ ರಾವಣನನ್ನು ಓದು. ಪಂಪರಾಮಾಯಣ ಅಂತ ಕರೆಯುವುದು ಅವನ ಕಾವ್ಯವನ್ನೇ. ಜೈನ ರಾಮಾಯಣ. ಅಲ್ಲಿ ರಾವಣ ಒಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ ಅಂತ ವ್ರತ ಹಿಡಿದವನು. ಅಂಥವನು ಸೀತೆಯನ್ನು ಕಂಡು ಜಾರುತ್ತಾನೆ. ಸಮುದ್ರವೂ ಒಂದೊಂದು ಸಲ ಕಾಲವಶದಿಂದ ಎಲ್ಲೆ ಮೀರುವುದಿಲ್ಲವೇ ಅಂತ ಕವಿಯೇ ಅವನ ಪರವಾಗಿ ಕೇಳುತ್ತಾನೆ. ಆಮೇಲೊಂದು ದಿನ, ರಾಮನನ್ನು ಮರೆತುಬಿಡು, ಅವನಿನ್ನು ಉಳಿಯುವುದಿಲ್ಲ ಅಂತ ಹೆದರಿಸಲು ಹೋದಾಗ ಸೀತೆ ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡು ಅವನ ಮನಸ್ಸು ತಿರುಗುತ್ತದೆ. ಪೂರ್ತಿ ತಿರುಗುತ್ತದೆ. ತಮ್ಮನ ಮಾತು ಕೇಳಬೇಕಿತ್ತು ಅನ್ನಿಸುತ್ತದೆ, ಇವಳನ್ನು ರಾಮನಿಗೆ ಒಪ್ಪಿಸಬೇಕು ಅಂತ ತೀರ್ಮಾನಿಸುತ್ತಾನೆ. ಅಷ್ಟರಲ್ಲೇ ಇನ್ನೊಂದು ಯೋಚನೆ ಬರುತ್ತದೆ. ಈಗ ಒಪ್ಪಿಸಿದರೆ ಹೆದರಿ ಕೊಟ್ಟ ಅಂತಾರೆ. ಮೊದಲು ಯುದ್ಧದಲ್ಲಿ ರಾಮ ಲಕ್ಷ್ಮಣರನ್ನು ಗೆಲ್ಲುತ್ತೇನೆ, ಆಮೇಲೆ ಒಪ್ಪಿಸುತ್ತೇನೆ. ಹೋಗುತ್ತಾನೆ, ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ.

ಖಳರಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವನು ಇವನು. ಸುಮ್ನೆ ಕೆಟ್ಟವನಾಗಿರುವವನು ನನ್ನನ್ನು ಹಿಡಿದಿಡುವುದಿಲ್ಲ. ಸರಿಯಾದ ಬಾಗಿಲ ತನಕ ಬಂದು, ಜನ ಏನಂದುಕೊಳ್ಳುತ್ತಾರೋ ಅಂತ ಹಿಂದಿರುಗುವವನು ನಿದ್ದೆಗೆಡಿಸುತ್ತಾನೆ.

ಪ್ರಮೋಷನ್ನಿನ ಮಾತು ಹೇಳಿದೆನಲ್ಲ. ಆ ರಾತ್ರಿ ನಿನ್ನ ದೊಡ್ಡಪ್ಪ ಏನಾಯಿತು ಅಂತ ಕೇಳಿದರು. ಏನಿಲ್ಲ ಅಂದೆ. ಮಾರನೆಯ ದಿನ ಮತ್ತೆ ಕೇಳಿದರು. ಸೋತವಳ ಹಾಗೆ ಕಾಣಬಾರದು ಅಂತ ನನ್ನ ಹಟ. ಮನಸ್ಸು ತಿಳಿಯಾದ ಮೇಲೆ ಹೇಳಿದರಾಯಿತು ಅಂದುಕೊಂಡೆ. ವರ್ಷಗಳು ಕಳೆದವು. ಅವರು ಕೇಳುವುದನ್ನು ಬಿಟ್ಟರು. ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ, ಆದರೆ ಆ ಒಂದು ವಿಷಯ ಮಧ್ಯದಲ್ಲಿ ಹಾಗೇ ಇತ್ತು. ನನ್ನ ಸಿಟ್ಟನ್ನು ಇಯಾಗೊ ಒಬ್ಬನೇ ಬಲ್ಲ, ನನ್ನ ಜೊತೆ ಬಾಳಿದವರಿಗೆ ಗೊತ್ತಾಗಲೇ ಇಲ್ಲ. ಇವತ್ತು ಹೇಳೋಣ ಅಂದರೆ ಅವರಿಲ್ಲ. ನಿನ್ನ ಸಾಲು ಓದಿ ನಾನು ನಡುಗಿದ್ದು ಇದಕ್ಕೇ ಕಣೋ. ನಿನ್ನೊಳಗೆ ಕೆಟ್ಟದ್ದಿದೆ ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ನಿನ್ನ ಮಾತು ಕೇಳಲು ಪುಸ್ತಕದೊಳಗಿನ ಮಂದಿ ಮಾತ್ರ ಇದ್ದಾರೇನೋ ಅಂತ ಭಯವಾಯಿತು.

ಬುದ್ಧಿ ಹೇಳು ಅಂದರೆ ನನ್ನ ಹತ್ತಿರ ಹೆಚ್ಚೇನಿಲ್ಲ. ನಿನ್ನ ವಯಸ್ಸಿನವರಿಗೆ ಇದೆಲ್ಲ ಎಷ್ಟು ಹಿಡಿಸುತ್ತದೋ, ಬೇಸರ ಮಾಡಿಕೊಳ್ಳಬೇಡ. ಖಳರನ್ನು ಓದುವುದನ್ನು ಮಾತ್ರ ಬಿಡಬೇಡ. ಯಾರಾದರೂ ಬಿಡು ಅಂದರೂ ಕೇಳಬೇಡ. ಒಂದು ಮಾತು ನಿನ್ನದೇ ಅನ್ನಿಸಿದಾಗ ಅದನ್ನು ಬರೆದಿಟ್ಟುಕೋ, ಆಮೇಲೆ ಆ ಮಾತನ್ನು ಅವನು ಯಾರ ಮುಂದೆ ಆಡುತ್ತಿದ್ದಾನೆ, ಅದರಿಂದ ಪೆಟ್ಟು ತಿನ್ನುವವರು ಯಾರು ಅಂತ ನೋಡು. ಎಮಿಲಿಯಾ ನಿಂತ ಜಾಗದಿಂದ ಇಯಾಗೊನನ್ನು ಇನ್ನೊಮ್ಮೆ ಓದು. ಶೇಕ್ಸ್‌ಪಿಯರ್‌ನದೇ ಮ್ಯಾಕ್‌ಬೆತ್ ನಾಟಕವನ್ನೂ ಓದು, ನಿನ್ನ ಪಟ್ಟಿಯಲ್ಲಿ ಮ್ಯಾಕ್‌ಬೆತ್ ಇಲ್ಲ. ತನ್ನ ದೊರೆಯನ್ನು ಕೊಲ್ಲುವ ಮುಂಚೆ ತಾನೇ ಲೆಕ್ಕ ಹಾಕುತ್ತಾನೆ. ದೊರೆ ನನ್ನ ನೆಂಟ, ನಾನು ಅವನ ಪ್ರಜೆ, ಈಗ ನನ್ನ ಮನೆಗೆ ಬಂದ ಅತಿಥಿ, ಬಾಗಿಲು ಕಾಯಬೇಕಾದವನು ನಾನು ಅಂತ. ಎಲ್ಲ ಗೊತ್ತಿದ್ದೂ ಮಾಡುತ್ತಾನೆ. ಯಾಕೆ ಹೇಳಿದೆ ಅಂದರೆ, ಗೊತ್ತಿರುವುದಷ್ಟೇ ಸಾಲದು ಅಂತ ಅವನನ್ನು ಓದಿದಾಗ ನನಗನ್ನಿಸಿತ್ತು. ಇದು ಬುದ್ಧಿವಾದ ಆಯಿತೋ ಇಲ್ಲವೋ ತಿಳಿಯದು.

ಆ ಸಾಲಿನಲ್ಲಿ ನೀನು "ಇವರು" ಅಂದಿದ್ದೀಯ. ನಾಲ್ವರಲ್ಲಿ ಯಾರು? ಯಾವ ಮಾತು? ದುರ್ಯೋಧನನ ಅಳುವಾದರೆ ಒಂದು, ಇಯಾಗೊನ ದೂರಾದರೆ ಇನ್ನೊಂದು, ಸೈತಾನನ ಹಟವಾದರೆ ಮತ್ತೊಂದು. ಗೆಳೆಯ ಯಾರಾದರೂ ದೂರವಾದನಾ? ನಿನಗೆ ಬರಬೇಕಾದ್ದು ಬೇರೆಯವರಿಗೆ ಹೋಯಿತಾ? ನಾನು ಊಹೆ ಮಾಡುತ್ತಾ ಕೂತಿದ್ದೇನೆ, ತಪ್ಪಿರಬಹುದು. ನಿನ್ನಮ್ಮನಿಗೆ ಈ ವಿಷಯ ಹೇಳಿಲ್ಲ, ನೀನು ಹೇಳು ಅನ್ನುವ ತನಕ ಹೇಳುವುದೂ ಇಲ್ಲ. ನನಗೆ ಬರೆಯುವುದು ಕಷ್ಟವಾದರೆ ನಿನ್ನ ಸ್ನೇಹಿತರಲ್ಲಿ ಒಬ್ಬರಿಗಾದರೂ ಹೇಳು. ಆಗದಿದ್ದರೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಮೊದಲು ಪುಸ್ತಕದ ಮಾತೇ ಆಡೋಣ, ಉಳಿದದ್ದು ಬಂದಾಗ ಬರಲಿ.

ಇಂತು ನಿನ್ನ
ದೊಡ್ಡಮ್ಮ